ಎಲ್ಲ ಮಿಡತೆಯೂ ದಂಡಲ್ಲ: ಕೋಲ್ಮನ್ ಕಲಿಸಿದ ಪಾಠ

ಹೊಲದಲ್ಲಿ ಮಿಡತೆ ಕಂಡ ಕೂಡಲೇ ಮಿಡತೆ ದಂಡು ಬಂತು ಎಂದು ಫಾರ್ವರ್ಡ್ ಮಾಡುತ್ತೇವೆ. ಅದು ಯಾವ ಮಿಡತೆ ಎಂದು ಮೊದಲು ನೋಡಬೇಕು. ಇದನ್ನು ನಮ್ಮ ನಾಡಿನಲ್ಲೇ ಮಾಡಿ ತೋರಿಸಿದವರು ಲೆಸ್ಲಿ ಕೋಲ್ಮನ್.

1878ರಲ್ಲಿ ಕೆನಡಾದಲ್ಲಿ ಹುಟ್ಟಿದ ಕೋಲ್ಮನ್, 1908ರಲ್ಲಿ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದರು. ಜೋಳದ ಬೆಳೆಗೆ ಬೀಳುತ್ತಿದ್ದ ಒಂದು ಮಿಡತೆಯನ್ನು ಅವರು ಅಧ್ಯಯನ ಮಾಡಿದರು. 1910ರಲ್ಲಿ ಸ್ಪೇನಿನ ಬೊಲಿವಾರ್ ಅದಕ್ಕೆ ಕೋಲ್ಮನ್ನರ ನೆನಪಿಗೆ ಕೋಲೆಮೇನಿಯಾ ಎಂದು ಹೆಸರಿಟ್ಟರು.

ಈ ಮಿಡತೆ ಬಲಿತರೂ ಹಾರಲಾರದು. ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ, ವರ್ಷಕ್ಕೆ ಒಂದೇ ಪೀಳಿಗೆ. ಗುರುತು ಸಿಕ್ಕಿದ್ದರಿಂದ ದಾರಿಯೂ ಸಿಕ್ಕಿತು: ಹಾರದ ಮರಿಗಳನ್ನು ಚೀಲದಂಥ ಬಲೆಗಳಿಂದ ಹಿಡಿಯಬಹುದು.

ಅಡಿಕೆಯ ಕೊಳೆರೋಗಕ್ಕೂ ಅವರು ಹೀಗೇ ಮೊದಲು ಕಾರಣ ಹುಡುಕಿದರು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಬೆಳೆಗಾರರು ಇಂದಿಗೂ ಸಿಂಪಡಿಸುತ್ತಾರೆ. 1913ರಲ್ಲಿ ಕೃಷಿ ನಿರ್ದೇಶಕರಾದ ಅವರ ಕಾಲದಲ್ಲೇ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. 1934ರಲ್ಲಿ ನಿವೃತ್ತರಾಗಿ, 1954ರಲ್ಲಿ ತೀರಿಕೊಂಡರು.

2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಗಳು ಮಹಾರಾಷ್ಟ್ರ ತಲುಪಿದಾಗ, ನೆರೆಯ ಕೃಷ್ಣಗಿರಿಯಲ್ಲಿ ಎಕ್ಕದ ಗಿಡದ ಮಿಡತೆ ಕಂಡು ಜನ ಗಾಬರಿಯಾದರು. ಅವು ಸ್ಥಳೀಯ ಮಿಡತೆಗಳೆಂದು ತಜ್ಞರು ತಿಳಿಸಿದರು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಎಕ್ಕದ ಮೇಲೆ ಹಳದಿ, ನೀಲಿ ಪಟ್ಟೆಯ ಮಿಡತೆ ಕಂಡರೆ ಹೆದರಬೇಡಿ. ಅದು ಮುಖ್ಯವಾಗಿ ಎಕ್ಕವನ್ನೇ ತಿನ್ನುವ ನಮ್ಮದೇ ಮಿಡತೆ. ಅನುಮಾನವಿದ್ದರೆ ಬಣ್ಣ, ರೆಕ್ಕೆ, ಕೂತ ಗಿಡ ಮೂರೂ ಕಾಣುವಂತೆ ಫೋಟೊ ತೆಗೆದು ಕೃಷಿ ಅಧಿಕಾರಿಗೆ ತೋರಿಸಿ. ಫಾರ್ವರ್ಡ್ ಆಮೇಲೆ.