ಅಂಗೋಸ್ಟುರಾದ ವೈದ್ಯ ಸೀಗರ್ಟ್

ಗಿಡಮೂಲಿಕೆಗಳನ್ನು ಮದ್ಯಸಾರದಲ್ಲಿ ನೆನೆಹಾಕಿ ಔಷಧ ತಯಾರಿಸುವ ವಿದ್ಯೆಯು ಯೂರೋಪಿನ ಸಂನ್ಯಾಸಿಮಠಗಳಲ್ಲಿ ಬಹುಕಾಲ ಪೋಷಿತವಾಯಿತೆಂಬುದನ್ನು ನಾವು ಬಲ್ಲೆವು. ಫ್ರಾನ್ಸಿನ ಕಾರ್ತೂಸಿಯನ್ನರ ಶಾರ್ತ್ರೂಸ್ ಜಗದ್ವಿಖ್ಯಾತ. ಆದರೆ ಇಲ್ಲಿ ನಾವು ಸ್ಮರಿಸಹೊರಟಿರುವುದು ಮಠವಾಸಿಯೊಬ್ಬರನ್ನಲ್ಲ, ಸೇನಾವೈದ್ಯರೊಬ್ಬರನ್ನು.

ಯೋಹಾನ್ ಗಾಟ್ಲೀಬ್ ಬೆಂಜಮಿನ್ ಸೀಗರ್ಟರು 1796ರಲ್ಲಿ ಪ್ರಷ್ಯಾದ ಸೈಲೀಸಿಯಾ ಪ್ರಾಂತದಲ್ಲಿ ಜನಿಸಿದರು. ನೆಪೋಲಿಯನ್ನನ ವಿರುದ್ಧದ ಯುದ್ಧದಲ್ಲಿ ಶಸ್ತ್ರವೈದ್ಯರಾಗಿ ದುಡಿದ ಅವರು 1820ರಲ್ಲಿ ಸಾಗರ ದಾಟಿ ವೆನೆಜುವೆಲವನ್ನು ಸೇರಿದರು. ಆಗ ಅಲ್ಲಿ ಸಿಮೋನ್ ಬೊಲಿವಾರರು ಸ್ಪೇನಿನ ಆಳ್ವಿಕೆಯನ್ನು ಕಿತ್ತೊಗೆಯಲು ಹೋರಾಡುತ್ತಿದ್ದರು. ಒರಿನೋಕೋ ನದೀತೀರದ ಅಂಗೋಸ್ಟುರಾ ಪಟ್ಟಣದ ಸೇನಾ ಆಸ್ಪತ್ರೆಯ ಹೊಣೆ ಸೀಗರ್ಟರ ಪಾಲಿಗೆ ಬಂತು.

ಉಷ್ಣದೇಶದ ಹವೆ, ಉದರಬಾಧೆ, ಅನ್ನ ಸೇರದ ಸ್ಥಿತಿ! ತುಪಾಕಿಯ ಗಾಯಕ್ಕೆ ಕತ್ತಿ ಹಿಡಿಯಬಲ್ಲ ವೈದ್ಯರಿಗೆ ಇದು ಬೇರೆಯೇ ಶತ್ರು. ನಾಲ್ಕು ವರ್ಷಗಳ ಪ್ರಯೋಗದ ತರುವಾಯ, 1824ರಲ್ಲಿ, ಅವರ ಕಹಿಮದ್ದು ಸಿದ್ಧವಾಯಿತು. ಅದರಲ್ಲಿ ಜೆನ್ಷಿಯನ್ ಬೇರಿನ ಕಹಿಯುಂಟೆಂಬುದು ಬಹಿರಂಗ. ಉಳಿದ ಮೂಲಿಕೆಗಳ ಪಾಕ ಗುಟ್ಟಾಗಿಯೇ ಉಳಿದಿದೆ. ಅಂಗೋಸ್ಟುರಾ ಎಂಬ ತೊಗಟೆಯೊಂದುಂಟು; ಮದ್ದಿಗೆ ಹೆಸರು ಬಂದದ್ದು ಅದರಿಂದಲ್ಲ, ಊರಿನಿಂದ. ತೊಗಟೆ ಇದರಲ್ಲಿ ಸೇರಿಯೇ ಇಲ್ಲ.

ನದಿಯ ರೇವಿಗೆ ಬಂದ ನಾವಿಕರು ಕಡಲಬೇನೆಗೆ ಇದನ್ನು ಕೊಂಡೊಯ್ದರು. 1830ರ ಹೊತ್ತಿಗೆ ಮದ್ದು ಟ್ರಿನಿಡಾಡಿಗೂ ಇಂಗ್ಲೆಂಡಿಗೂ ರಫ್ತಾಗತೊಡಗಿತು. ಬ್ರಿಟಿಷ್ ನೌಕಾಧಿಕಾರಿಗಳು ಅದರ ಕೆಲವು ಹನಿಗಳನ್ನು ಜಿನ್ನಿಗೆ ಬೆರೆಸಿದರು. ನಸುಗೆಂಪಾದ ಆ ಪಾನೀಯವೇ ಪಿಂಕ್ ಜಿನ್. ಸಾರಿನ ಒಗ್ಗರಣೆಗೆ ಇಂಗು ಹೇಗೋ ಮಿಶ್ರಪಾನೀಯಕ್ಕೆ ಈ ಕಹಿ ಹಾಗೆ: ಹನಿ ಹೆಚ್ಚಾದರೆ ಕೆಟ್ಟಿತು, ಇಲ್ಲದಿದ್ದರೆ ಸಪ್ಪೆ. ಮದ್ಯಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಸೋಡಾದಲ್ಲಿಯೂ ನಿಂಬೆಯ ಪಾನಕದಲ್ಲಿಯೂ ಅದು ಹೊಂದುತ್ತದೆ. ರೋಗಿಯ ಹಾಸಿಗೆಯ ಬಳಿಯಿಂದ ಪಾನಗೋಷ್ಠಿಗೆ ಮದ್ದು ನಡೆದುಹೋದುದಕ್ಕೆ ವೈದ್ಯರನ್ನು ದೂರುವುದು ನ್ಯಾಯವಲ್ಲವೆಂದೇ ನಮಗೆ ತೋರುತ್ತದೆ.

1846ರಲ್ಲಿ ಪಟ್ಟಣವು ಸಿಯುದಾದ್ ಬೊಲಿವಾರ್ ಎಂಬ ಹೊಸ ಹೆಸರು ತಳೆಯಿತು. ಸೀಸೆಯ ಮೇಲೆ ಹಳೆಯದೇ ನಿಂತಿತು. 1870ರಲ್ಲಿ ಸೀಗರ್ಟರು ತೀರಿಕೊಂಡರು. ಐದು ವರ್ಷಗಳ ಮೇಲೆ, ದೇಶದ ಕ್ಷೋಭೆಗೆ ಬೇಸತ್ತ ಅವರ ಮಕ್ಕಳು ಗುಟ್ಟಿನ ಪಾಕದೊಡನೆ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ನಗರಕ್ಕೆ ಬಂದು ನೆಲೆಸಿದರು. ಆ ದ್ವೀಪದಿಂದಲೇ ಅದು ಇಂದಿಗೂ ಲೋಕಕ್ಕೆ ಹೋಗುತ್ತಿದೆ, ಸೀಸೆಯ ಕತ್ತಿನವರೆಗೂ ಏರುವ ಅಳತೆ ಮೀರಿದ ಕಾಗದದ ಚೀಟಿಯನ್ನು ಹೊದ್ದು.