ಗೇರ್ ಪೆಟ್ಟಿಗೆಯೊಳಗಿನ ಗ್ರಹಮಂಡಲ: ಫ್ರೆಡರಿಕ್ ಲ್ಯಾಂಚೆಸ್ಟರ್

ಹಳೆಯ ಕಾರುಗಳ ಮೋಹವುಳ್ಳವರಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು. 1960ರ ದಶಕದ ಅಮೆರಿಕನ್ ಕಾರಿನಲ್ಲಿ ಸ್ವಯಂಚಾಲಿತ ಗೇರ್‌ಬಾಕ್ಸ್ ಇದ್ದರೂ ಅದರಲ್ಲಿ ಸಾಮಾನ್ಯವಾಗಿ ಇರುವುದು ಎರಡು ಅಥವಾ ಮೂರು ಗೇರು. ಕೊನೆಯ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿಗಳತ್ತ ಹೋಗುವ ಶಾಫ್ಟ್ ಕೂಡ ಹೆಚ್ಚುಕಡಿಮೆ ಒಂದೇ ಸುತ್ತು ತಿರುಗುತ್ತದೆ. ಹೆದ್ದಾರಿಗೆ ಬಂದೊಡನೆ ಎಂಜಿನ್ ಅರಚತೊಡಗುತ್ತದೆ, ಪೆಟ್ರೋಲಿನ ಮುಳ್ಳು ಇಳಿಯತೊಡಗುತ್ತದೆ. ಇದಕ್ಕೆ ಪರಿಹಾರ ಓವರ್‌ಡ್ರೈವ್, ಅಂದರೆ ಶಾಫ್ಟ್ ಎಂಜಿನ್‌ಗಿಂತ ವೇಗವಾಗಿ ತಿರುಗುವಂತೆ ಮಾಡುವ ಇನ್ನೊಂದು ಗೇರು. ಮೂರು ಗೇರಿನ ಟರ್ಬೊ ಹೈಡ್ರಾಮ್ಯಾಟಿಕ್ 350 ಪೆಟ್ಟಿಗೆಯನ್ನು ತೆಗೆದು, ಜನರಲ್ ಮೋಟಾರ್ಸ್ 1982ರ ಮಾದರಿಗಳಿಗೆ ತಂದ ನಾಲ್ಕು ಗೇರಿನ 700ಆರ್4 ಅನ್ನು ಕೂರಿಸುವವರಿದ್ದಾರೆ. ಮೂಲ ಪೆಟ್ಟಿಗೆಯನ್ನು ಕದಲಿಸಲು ಮನಸ್ಸಿಲ್ಲದವರು ಅದರ ಹಿಂಭಾಗಕ್ಕೆ ಪ್ರತ್ಯೇಕ ಓವರ್‌ಡ್ರೈವ್ ಘಟಕವನ್ನು ಜೋಡಿಸಿ, ಶಾಫ್ಟನ್ನು ಅಷ್ಟುದ್ದ ಮೊಟಕುಗೊಳಿಸಿಕೊಳ್ಳುತ್ತಾರೆ. 700ಆರ್4ರ ನಾಲ್ಕನೆಯ ಗೇರಿನ ಅನುಪಾತ 0.70. ಹಿಂದೆ ನಿಮಿಷಕ್ಕೆ 3000 ಸುತ್ತು ತಿರುಗಬೇಕಿದ್ದ ಎಂಜಿನ್ ಈಗ ಅದೇ ವೇಗಕ್ಕೆ 2100 ಸುತ್ತು ತಿರುಗಿದರೆ ಸಾಕು.

ಯಾವ ದಾರಿ ಹಿಡಿದರೂ ಒಳಗೆ ಸಿಗುವ ಸಾಮಗ್ರಿ ಒಂದೇ. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಓಡಾಡುವ ಗ್ರಹಚಕ್ರಗಳು, ಇವೆಲ್ಲವನ್ನೂ ಬಳಸಿಕೊಂಡ, ಒಳಬದಿಗೆ ಹಲ್ಲಿರುವ ಬಳೆಯಂಥ ಚಕ್ರ. ಈ ಪುಟ್ಟ ಗ್ರಹಮಂಡಲವನ್ನು ಮೋಟಾರು ಕಾರಿನೊಳಕ್ಕೆ ತಂದವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್. ಒಬ್ಬ ಮನುಷ್ಯ ಇಷ್ಟೊಂದು ವಿಷಯಗಳಲ್ಲಿ ಇಷ್ಟು ಬೇಗ ಸರಿಯಾಗಿದ್ದುದೂ, ಅದರಿಂದ ಇಷ್ಟು ಕಡಿಮೆ ಪಡೆದುದೂ ವಿರಳ.

ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನ ಲೂಯಿಷ್ಯಾಮ್‌ನಲ್ಲಿ. ತಂದೆ ವಾಸ್ತುಶಿಲ್ಪಿ, ತಾಯಿ ಲ್ಯಾಟಿನ್ ಮತ್ತು ಗಣಿತ ಹೇಳಿಕೊಡುತ್ತಿದ್ದವರು. ಎಂಟು ಮಕ್ಕಳ ಆ ಮನೆ ಸಾಮಾನ್ಯದ್ದಲ್ಲ. ಅಣ್ಣ ಹೆನ್ರಿ ವಾನ್ ಲ್ಯಾಂಚೆಸ್ಟರ್ ಮುಂದೆ ಜೋಧಪುರದ ಉಮೈದ್ ಭವನ ಅರಮನೆಯ ವಿನ್ಯಾಸಕಾರರಾದರು. ತಂಗಿ ಎಡಿತ್ ಮದುವೆಯಾಗದೆ ಸಂಗಾತಿಯೊಡನೆ ಬಾಳುವೆನೆಂದಾಗ 1895ರಲ್ಲಿ ಮನೆಯವರೇ ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಸಾರ್ವಜನಿಕ ಪ್ರತಿಭಟನೆಯ ನಡುವೆ ಕೆಲವೇ ದಿನಗಳಲ್ಲಿ ಆಕೆಯ ಬಿಡುಗಡೆಯಾಯಿತು. ಅದೇ ವರ್ಷ ಫ್ರೆಡರಿಕ್ ತಮ್ಮ ಮೊದಲ ಕಾರನ್ನು ಕಟ್ಟುತ್ತಿದ್ದರು.

ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ಶಾಲೆಯಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದರೂ ಪದವಿ ಪಡೆಯದೆ ಹೊರಬಿದ್ದ ಅವರು, ಇಪ್ಪತ್ತರ ಹರೆಯದಲ್ಲಿ ಬರ್ಮಿಂಗ್‌ಹ್ಯಾಮ್‌ನ ಗ್ಯಾಸ್ ಎಂಜಿನ್ ಕಾರ್ಖಾನೆಯೊಂದನ್ನು ಸೇರಿದರು. ಮುಂದೆ ಅದರ ಮೇಲ್ವಿಚಾರಕರೂ ಆದರು. ತಾವು ರೂಪಿಸಿದ ವೇಗನಿಯಂತ್ರಕಕ್ಕೆ ಬಂದ ರಾಯಧನ ಅವರ ಸ್ವಂತ ಪ್ರಯೋಗಗಳಿಗೆ ಬಂಡವಾಳವಾಯಿತು.

ಆಗಿನ ಬ್ರಿಟನ್ನಿನಲ್ಲಿ ಕಾರು ಕಟ್ಟುವುದು ಸುಲಭದ ಮಾತಾಗಿರಲಿಲ್ಲ. ಯಂತ್ರದ ಗಾಡಿ ಹಳ್ಳಿಯ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಪಟ್ಟಣದಲ್ಲಿ 2 ಮೈಲಿ ಮೀರುವಂತಿರಲಿಲ್ಲ. ಮುಂದೆ ಒಬ್ಬ ಮನುಷ್ಯ ನಡೆಯಬೇಕಿತ್ತು. 1896ರ ನವೆಂಬರಿನಲ್ಲಿ ಕಾನೂನು ಸಡಿಲವಾಗುವುದಕ್ಕೆ ಮೊದಲೇ, ಅದೇ ವರ್ಷದ ಆರಂಭದಲ್ಲಿ, ಲ್ಯಾಂಚೆಸ್ಟರ್ ಅವರ ಒಂದು ಸಿಲಿಂಡರಿನ, ಸುಮಾರು 5 ಅಶ್ವಶಕ್ತಿಯ ಕಾರು ರಸ್ತೆಗಿಳಿಯಿತು. ಮಿಕ್ಕವರು ಕುದುರೆಗಾಡಿಗೆ ಎಂಜಿನ್ ಕಟ್ಟುತ್ತಿದ್ದರೆ ಇವರು ಇಡೀ ವಾಹನವನ್ನು ಮೊದಲಿನಿಂದ ಲೆಕ್ಕಹಾಕಿ ಕಟ್ಟಿದರು.

ಆ ಲೆಕ್ಕದ ಹೃದಯ ಗೇರ್‌ಬಾಕ್ಸ್. ಆಗಿನ ಫ್ರೆಂಚ್ ಕಾರುಗಳಲ್ಲಿ ಗೇರು ಬದಲಿಸುವುದೆಂದರೆ ತಿರುಗುತ್ತಿರುವ ಹಲ್ಲುಚಕ್ರಗಳನ್ನು ಜಾರಿಸಿ ಒಂದರೊಳಗೊಂದು ನುಗ್ಗಿಸುವುದು. ಕರ್ಕಶ ಸದ್ದು, ಮುರಿದ ಹಲ್ಲು ನಿತ್ಯದ ಅನುಭವ. ಲ್ಯಾಂಚೆಸ್ಟರ್ ಈ ನುಗ್ಗಾಟವನ್ನೇ ಬೇಡವೆಂದರು. ಸೂರ್ಯ-ಗ್ರಹ ಚಕ್ರಗಳ ಕಲ್ಪನೆ ಹೊಸದೇನಲ್ಲ. 1781ರಲ್ಲಿಯೇ ಜೇಮ್ಸ್ ವಾಟ್ ಅವರ ಉಗಿಯಂತ್ರಕ್ಕಾಗಿ ಬರ್ಮಿಂಗ್‌ಹ್ಯಾಮ್‌ನಲ್ಲಿಯೇ ಅದಕ್ಕೊಂದು ಪೇಟೆಂಟ್ ಪಡೆಯಲಾಗಿತ್ತು. ಅದರ ಗುಣವೆಂದರೆ ಹಲ್ಲುಗಳು ಸದಾ ಒಂದಕ್ಕೊಂದು ಕೂಡಿಯೇ ಇರುತ್ತವೆ. ಗೇರು ಬದಲಿಸಲು ಯಾವುದನ್ನೂ ಜಾರಿಸಬೇಕಿಲ್ಲ, ಯಾವುದೋ ಒಂದು ಚಕ್ರವನ್ನು ಬ್ರೇಕಿನಿಂದ ಹಿಡಿದು ನಿಲ್ಲಿಸಿದರಾಯಿತು.

ಬಳೆಚಕ್ರವನ್ನು ಹಿಡಿದು ಸೂರ್ಯಚಕ್ರವನ್ನು ತಿರುಗಿಸಿ. ಗ್ರಹಗಳನ್ನು ಹೊತ್ತ ಚೌಕಟ್ಟು ನಿಧಾನವಾಗಿ, ಆದರೆ ಹೆಚ್ಚಿನ ಬಲದಿಂದ ಸುತ್ತುತ್ತದೆ. ಇದು ಏರು ಹತ್ತುವ ಗೇರು. ಎರಡು ಭಾಗಗಳನ್ನು ಒಂದಕ್ಕೊಂದು ಬಿಗಿದರೆ ಇಡೀ ಮಂಡಲ ಒಂದೇ ಗಟ್ಟಿಯಾಗಿ ತಿರುಗುತ್ತದೆ. ಇದು ನೇರ ಗೇರು. ಇನ್ನು ಸೂರ್ಯನನ್ನೇ ಅಲುಗದಂತೆ ಹಿಡಿದು ಗ್ರಹಗಳ ಚೌಕಟ್ಟನ್ನು ತಿರುಗಿಸಿದರೆ ಹೊರಗಿನ ಬಳೆ ಎಂಜಿನ್ನನ್ನೂ ಮೀರಿಸಿ ಓಡುತ್ತದೆ. ಓವರ್‌ಡ್ರೈವ್ ಎಂದರೆ ಇಷ್ಟೇ. ಲ್ಯಾಂಚೆಸ್ಟರ್ ತಮ್ಮ ಕಾರಿನಲ್ಲಿ ತಗ್ಗಿನ ಗೇರನ್ನೂ ನೇರ ಗೇರನ್ನೂ ಬಳಸಿದರು. ಆಗಿನ ರಸ್ತೆಗಳಲ್ಲಿ ಎಂಜಿನ್ನನ್ನು ಮೀರಿ ಓಡುವ ಅಗತ್ಯ ಯಾರಿಗಿತ್ತು? 1908ರ ಫೋರ್ಡ್ ಮಾಡೆಲ್ ಟಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನಲ್ಲಿ ಬಂದ ಹೈಡ್ರಾಮ್ಯಾಟಿಕ್, ಬಳಿಕದ ಬಹುತೇಕ ಸ್ವಯಂಚಾಲಿತ ಪೆಟ್ಟಿಗೆಗಳು, ಬ್ರಿಟಿಷ್ ಕಾರುಗಳ ಲೇಕಾಕ್ ಓವರ್‌ಡ್ರೈವ್ ಎಲ್ಲವೂ ಈ ಗ್ರಹಚಕ್ರಗಳನ್ನೇ ನೆಚ್ಚಿಕೊಂಡವು. ಕೈಯಿಂದ ಎಳೆಯುತ್ತಿದ್ದ ಬ್ರೇಕನ್ನು ಎಣ್ಣೆಯ ಒತ್ತಡ ಎಳೆಯತೊಡಗಿತು ಎಂಬುದೇ ಮುಖ್ಯ ಬದಲಾವಣೆ.

1899ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರೂಕ್‌ನಲ್ಲಿ ಲ್ಯಾಂಚೆಸ್ಟರ್ ಎಂಜಿನ್ ಕಂಪನಿ ಆರಂಭವಾಯಿತು. ಬಿಡಿಭಾಗ ಯಾವ ಕಾರಿನದಾದರೂ ಯಾವ ಕಾರಿಗಾದರೂ ಕೂರಬೇಕೆಂಬುದು ಅವರ ಹಟ. ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಗಿರಾಕಿಯಾದರು. ಮುಂದೆ ಭಾರತದ ಅಳ್ವರ್ ಮಹಾರಾಜರಿಗೆ ಸಾರೋಟಿನಾಕಾರದ ಲ್ಯಾಂಚೆಸ್ಟರ್ ಕಾರೇ ಸಿದ್ಧವಾಯಿತು. ಕಾರಿಗೆ ಬೇಡಿಕೆಯಿತ್ತು, ಬಂಡವಾಳ ಇರಲಿಲ್ಲ. 1904ರಲ್ಲಿ ಕಂಪನಿ ಸಾಲಗಾರರ ಕೈಸೇರಿ, ಹೊಸ ಹೆಸರಿನಲ್ಲಿ ಮತ್ತೆ ಎದ್ದಿತು. ನಿರ್ದೇಶಕರೊಡನೆ ಲ್ಯಾಂಚೆಸ್ಟರ್ ಅವರಿಗೆ ಹೊಂದಲಿಲ್ಲ. ಕಂಪನಿ ತಮ್ಮ ಜಾರ್ಜ್ ಅವರ ಹೊಣೆಯಾಯಿತು. ಇವರು 1909ರಿಂದ ಸುಮಾರು ಎರಡು ದಶಕ ಡೈಮ್ಲರ್ ಕಂಪನಿಯ ಸಲಹೆಗಾರರಾಗಿ ದುಡಿದರು.

ಅವರ ಪೇಟೆಂಟುಗಳ ಕಥೆಯೂ ಹೀಗೆಯೇ. ಡಿಸ್ಕ್ ಬ್ರೇಕಿಗೆ 1902ರಲ್ಲಿಯೇ ಪೇಟೆಂಟ್ ಪಡೆದಿದ್ದರು. ತಾಮ್ರದ ಪಟ್ಟಿ ಲೋಹದ ತಟ್ಟೆಯನ್ನು ಒತ್ತುವಾಗ ಏಳುತ್ತಿದ್ದ ಕೀರಲು ಸದ್ದು ಅದನ್ನು ಮೂಲೆಗುಂಪಾಗಿಸಿತು. 1953ರ ಲಮಾನ್ ಓಟದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ ಲ್ಯಾಂಚೆಸ್ಟರ್ ತೀರಿಕೊಂಡು ಏಳು ವರ್ಷವಾಗಿತ್ತು. ನಾಲ್ಕು ಸಿಲಿಂಡರ್ ಎಂಜಿನ್ನಿನ ನಡುಕವನ್ನು ಇಮ್ಮಡಿ ವೇಗದಲ್ಲಿ ತಿರುಗುವ ಎರಡು ದಂಡಗಳಿಂದ ತಗ್ಗಿಸುವ ಅವರ ಉಪಾಯವನ್ನು 1970ರ ದಶಕದಲ್ಲಿ ಮಿತ್ಸುಬಿಷಿ ಹೊಸ ರೂಪದಲ್ಲಿ ಜನಪ್ರಿಯಗೊಳಿಸಿತು.

ಕಾರು ಅವರ ಅರ್ಧ ಬದುಕು ಮಾತ್ರ. ಹಕ್ಕಿಗಳ ಹಾರಾಟವನ್ನು ನೋಡುತ್ತ, ರೆಕ್ಕೆ ಗಾಳಿಯಲ್ಲಿ ಮೇಲೇಳುವುದು ಹೇಗೆಂದು ಅವರು 1890ರ ದಶಕದಲ್ಲಿಯೇ ಯೋಚಿಸತೊಡಗಿದ್ದರು. ರೆಕ್ಕೆಯ ಕೆಳಗಿನ ಒತ್ತಡದ ಗಾಳಿ ತುದಿಯಲ್ಲಿ ಮೇಲಕ್ಕೆ ಸುತ್ತಿಕೊಂಡು ಸುಳಿಯಾಗುತ್ತದೆ ಎಂಬುದು ಅವರ ಕಾಣ್ಕೆ. 1897ರಲ್ಲಿ ಬರೆದ ಪ್ರಬಂಧ ತಿರಸ್ಕೃತವಾಯಿತು. 1907 ಮತ್ತು 1908ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಅವರ ಗ್ರಂಥವನ್ನು ತಾಯ್ನಾಡಿಗಿಂತ ಜರ್ಮನಿಯ ಗಟ್ಟಿಂಗೆನ್ ಹೆಚ್ಚು ಗಂಭೀರವಾಗಿ ಓದಿತು. ಅಲ್ಲಿನ ಲುಡ್ವಿಗ್ ಪ್ರಾಂಡ್ಟಲ್ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಇದಕ್ಕೆ ಪೂರ್ಣ ಗಣಿತದ ರೂಪ ಕೊಟ್ಟರು. ಲ್ಯಾಂಚೆಸ್ಟರ್ ಅವರ ಬರವಣಿಗೆ ಕಠಿಣ, ಪರಿಭಾಷೆ ಸ್ವಂತದ್ದು. ತಪ್ಪು ಪೂರ್ತಿ ಓದುಗರದೆನ್ನಲಾಗದು.

1916ರ ಅವರ ಯುದ್ಧವಿಮಾನಗಳ ಕುರಿತ ಪುಸ್ತಕ ಸೇನಾಬಲದ ವರ್ಗನಿಯಮವನ್ನು ವಿವರಿಸಿತು. ಒಟ್ಟಿಗೆ ನಿಂತ 1000 ಮಂದಿಯ ಬಲ 1000ದ ವರ್ಗ, ಅಂದರೆ 10 ಲಕ್ಷ. ಅವರನ್ನೇ ಐನೂರರ ಎರಡು ಪಾಲು ಮಾಡಿ ಬೇರೆಬೇರೆ ಹೊತ್ತಿನಲ್ಲಿ ಕಳಿಸಿದರೆ ಕೇವಲ 5 ಲಕ್ಷ. ಮುಂದೆ ಆಪರೇಷನ್ಸ್ ರಿಸರ್ಚ್ ಎಂದು ಬೆಳೆದ ಶಾಸ್ತ್ರ ಈ ಸಮೀಕರಣಗಳನ್ನು ತನ್ನ ಮೂಲಗಳಲ್ಲಿ ಎಣಿಸುತ್ತದೆ.

ಗೌರವಗಳಿಗೆ ಕೊರತೆಯಿರಲಿಲ್ಲ. 1922ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1926ರಲ್ಲಿ ರಾಯಲ್ ಏರೋನಾಟಿಕಲ್ ಸೊಸೈಟಿಯ ಚಿನ್ನದ ಪದಕ ಬಂದವು. ಹಣ ಮಾತ್ರ ಬರಲಿಲ್ಲ. ಐವತ್ತರ ವಯಸ್ಸಿನಲ್ಲಿ, 1919ರಲ್ಲಿ, ಡೊರೊಥಿಯಾ ಕೂಪರ್ ಅವರನ್ನು ಮದುವೆಯಾದರು, ಮಕ್ಕಳಾಗಲಿಲ್ಲ. ಡೈಮ್ಲರ್ ನಂಟು ಕಡಿದ ಮೇಲೆ ಧ್ವನಿವರ್ಧಕಗಳ ತಯಾರಿಕೆಗೆ ಕೈಹಾಕಿ ಸೋತರು. ಪಾರ್ಕಿನ್ಸನ್ ಕಾಯಿಲೆ ಅಡರಿತು. ಬರ್ಮಿಂಗ್‌ಹ್ಯಾಮ್‌ನ ಮೋಸ್ಲಿಯಲ್ಲಿ ತಾವೇ ಕಟ್ಟಿಸಿದ ಮನೆಯಲ್ಲಿ ಕೊನೆಯವರೆಗೆ ಉಳಿಯಲು ಹಿತೈಷಿಗಳ ನೆರವು ಬೇಕಾಯಿತು. 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಜೇಮ್ಸ್ ವಾಟ್ ಅಂತರರಾಷ್ಟ್ರೀಯ ಪದಕ ನೀಡಿತು. 1946ರ ಮಾರ್ಚ್ 8ರಂದು ಆ ಮನೆಯಲ್ಲೇ ಅವರು ನಿಧನರಾದರು.

ಡೈಮ್ಲರ್ ಕಾರ್ಖಾನೆಯ ಊರಾದ ಕೊವೆಂಟ್ರಿಯಲ್ಲಿ 1970ರಲ್ಲಿ ಲ್ಯಾಂಚೆಸ್ಟರ್ ಪಾಲಿಟೆಕ್ನಿಕ್ ಸ್ಥಾಪನೆಯಾಯಿತು. 1987ರಲ್ಲಿ ಸಂಸ್ಥೆ ಆ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಇಟ್ಟುಕೊಂಡಿತು. ಈಗ ಅದು ಕೊವೆಂಟ್ರಿ ವಿಶ್ವವಿದ್ಯಾಲಯ. ಲ್ಯಾಂಚೆಸ್ಟರ್ ಅವರ ಹೆಸರು ಅದರ ಗ್ರಂಥಾಲಯಕ್ಕಿದೆ.