ಸಮತೋಲನದ ಗುಟ್ಟು ಬಿಡಿಸಿದ ಲ ಶಾಟೆಲಿಯೆ

ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಹೊಲಗಳಿಗೆ ರೈತರು ಹಾಕುವ ಡಿಎಪಿ ಗೊಬ್ಬರಕ್ಕೂ, ಅದೇ ಊರುಗಳ ಪಿಯು ವಿದ್ಯಾರ್ಥಿಗಳು ಉರು ಹೊಡೆಯುವ ರಸಾಯನಶಾಸ್ತ್ರದ ಒಂದು ನಿಯಮಕ್ಕೂ ಹತ್ತಿರದ ನಂಟಿದೆ. ಆ ನಿಯಮವನ್ನು ಜಗತ್ತಿಗೆ ನೀಡಿದವರು ಫ್ರಾನ್ಸಿನ ಹೆನ್ರಿ ಲೂಯಿ ಲ ಶಾಟೆಲಿಯೆ. ನಮ್ಮ ತರಗತಿಗಳಲ್ಲಿ ಅವರು ಲೆ ಚಾಟೆಲಿಯರ್ ಎಂದೇ ಪರಿಚಿತರು.

1850ರ ಅಕ್ಟೋಬರ್ 8ರಂದು ಪ್ಯಾರಿಸ್‌ನಲ್ಲಿ ಜನಿಸಿದ ಅವರ ತಂದೆ ಹೆಸರಾಂತ ಎಂಜಿನಿಯರ್. ತಾಯಿ ಶಿಸ್ತಿಗೆ ಹೆಸರಾದವರು. ಗಣಿ ಎಂಜಿನಿಯರಿಂಗ್ ಓದಿದ ಲ ಶಾಟೆಲಿಯೆ, 1877ರಲ್ಲಿ ಪ್ಯಾರಿಸ್‌ನ ಗಣಿ ಶಾಲೆಯಲ್ಲಿ ರಸಾಯನಶಾಸ್ತ್ರದ ಬೋಧಕರಾದರು.

ಅವರ ಮೊದಲ ಆಸಕ್ತಿ ಸುಣ್ಣ ಮತ್ತು ಸಿಮೆಂಟ್. ಸುಣ್ಣದ ಕಲ್ಲು ಸುಟ್ಟಾಗ ಏನಾಗುತ್ತದೆ, ಸಿಮೆಂಟ್ ಏಕೆ ಗಟ್ಟಿಯಾಗುತ್ತದೆ ಎಂಬ ಪ್ರಶ್ನೆಗಳೇ ಅವರನ್ನು ರಾಸಾಯನಿಕ ಸಮತೋಲನದತ್ತ ಕರೆದೊಯ್ದವು. ಸಿಮೆಂಟ್ ಗಟ್ಟಿಯಾದ ಮೇಲೆ ಹಿಗ್ಗಿ ಬಿರುಕು ಬಿಡುವುದೇ ಎಂದು ಪರೀಕ್ಷಿಸುವ ಉಪಕರಣ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

1884ರಲ್ಲಿ ಅವರು ತಮ್ಮ ನಿಯಮವನ್ನು ಪ್ರಕಟಿಸಿ, 1888ರಲ್ಲಿ ಸರಳಗೊಳಿಸಿದರು. ಸಮತೋಲನದಲ್ಲಿರುವ ವ್ಯವಸ್ಥೆಯ ಉಷ್ಣತೆ, ಒತ್ತಡ ಅಥವಾ ಸಾರತೆಯನ್ನು ಬದಲಿಸಿದರೆ, ಆ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ವ್ಯವಸ್ಥೆ ವಾಲುತ್ತದೆ ಎಂಬುದು ಅದರ ತಿರುಳು. ಊದುಕುಲುಮೆಯಿಂದ ಹೊರಹೋಗುವ ಕಾರ್ಬನ್ ಮಾನಾಕ್ಸೈಡ್ ಉಳಿಸಲು ಕಬ್ಬಿಣದ ಉದ್ಯಮಿಗಳು ಕುಲುಮೆಯನ್ನು ಎತ್ತರಿಸುತ್ತಲೇ ಹೋಗಿದ್ದರು. ಕ್ರಿಯೆ ಸಮತೋಲನಕ್ಕೆ ತಲುಪಿದ ಮೇಲೆ ಎಷ್ಟು ಎತ್ತರಿಸಿದರೂ ವ್ಯರ್ಥ ಎಂದು ಅವರು ವಿವರಿಸಿದರು.

ಈ ನಿಯಮ ಕಾಣಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಅರಿಶಿನದ ನೀರಿಗೆ ಸುಣ್ಣದ ತಿಳಿ ಬೆರೆಸಿದರೆ ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಹಳದಿಗೆ ಮರಳುತ್ತದೆ. ಮತ್ತೆ ಸುಣ್ಣದ ತಿಳಿ ಸುರಿದರೆ ಪುನಃ ಕೆಂಪು. ಇದು ಸಾರತೆಯ ಪಾಠ. ತೆಳುವಾದ ಗಂಜಿಗೆ ಒಂದು ಹನಿ ಅಯೋಡಿನ್ ಟಿಂಚರ್ ಹಾಕಿದರೆ ಕಡುನೀಲಿ. ಬಿಸಿ ಮಾಡಿದರೆ ನೀಲಿ ಮಾಸುತ್ತದೆ, ಆರಿಸಿದರೆ ಮರಳುತ್ತದೆ. ಇದು ಉಷ್ಣತೆಯ ಪಾಠ. ಸೂಜಿಯಿಲ್ಲದ ಸಿರಿಂಜಿಗೆ ಸ್ವಲ್ಪ ಸೋಡಾ ಎಳೆದು, ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಹಿಂದೆಳೆದರೆ ಗುಳ್ಳೆ ಏಳುತ್ತವೆ, ಒತ್ತಿದರೆ ಅಡಗುತ್ತವೆ. ಇದು ಒತ್ತಡದ ಪಾಠ. ಮೂರಕ್ಕೂ ಸಾಮಗ್ರಿ ಅಡುಗೆಮನೆಯಲ್ಲಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ತಮ್ಮದೇ ನಿಯಮದ ಬಹುದೊಡ್ಡ ಫಲ ಮಾತ್ರ ಅವರ ಕೈತಪ್ಪಿತು. ಸಾರಜನಕ ಮತ್ತು ಜಲಜನಕದಿಂದ ಅಮೋನಿಯಾ ಪಡೆಯಲು ಅಧಿಕ ಒತ್ತಡ ಬೇಕೆಂದು ಅರಿತಿದ್ದ ಅವರು 1901ರಲ್ಲಿ ಪ್ರಯೋಗಕ್ಕಿಳಿದರು. ಅನಿಲದೊಂದಿಗೆ ಗಾಳಿ ಬೆರೆತಿದ್ದರಿಂದ ಉಪಕರಣ ಸ್ಫೋಟಿಸಿತು. ಅವರು ಆ ಯತ್ನವನ್ನೇ ಕೈಬಿಟ್ಟರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಅದನ್ನು ಸಾಧಿಸಿ, 1918ರ ನೊಬೆಲ್ ಪ್ರಶಸ್ತಿ ಪಡೆದರು. ಇಂದಿನ ಡಿಎಪಿ, ಯೂರಿಯಾಗಳ ಮೂಲ ಆ ಅಮೋನಿಯಾವೇ. ತಮ್ಮ ವೈಜ್ಞಾನಿಕ ಬದುಕಿನ ಬಹುದೊಡ್ಡ ಪ್ರಮಾದ ಇದೆಂದು ಲ ಶಾಟೆಲಿಯೆ ಮುಪ್ಪಿನಲ್ಲಿ ಮುಕ್ತವಾಗಿ ಒಪ್ಪಿಕೊಂಡರು.

1936ರ ಸೆಪ್ಟೆಂಬರ್ 17ರಂದು, 85ನೇ ವಯಸ್ಸಿನಲ್ಲಿ ಅವರು ನಿಧನರಾದರು. ಕುಲುಮೆ, ಗಣಿ, ಸುಣ್ಣದ ಗೂಡುಗಳ ನಡುವೆ ಹುಟ್ಟಿದ ಅವರ ನಿಯಮ ಪರೀಕ್ಷೆಯ ಎರಡು ಅಂಕಕ್ಕೆ ಸೀಮಿತವಾಗಬಾರದು. ಅದನ್ನು ಕೈಯಾರೆ ಮಾಡಿ ನೋಡಿದ ವಿದ್ಯಾರ್ಥಿ ಮತ್ತೆ ಉರು ಹೊಡೆಯಬೇಕಾಗಿಲ್ಲ.